ಜಗಳದ ನಡುವೆ ಮಾತು ನಿಲ್ಲಿಸುವುದು: ನಮ್ಮ ಮನೆಯ ಕ್ರಮ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನಮ್ಮಲ್ಲಿ ಉಂಡು ಮಲಗಿದ ಮೇಲೂ ಜಗಳ ಇರುತ್ತಿತ್ತು, ಮಾತು ಇರುತ್ತಿರಲಿಲ್ಲ. ಹಾಗಾಗಿ ಮೌನಕ್ಕೆ ವೇಳೆ ಗೊತ್ತು ಮಾಡಿಕೊಂಡೆವು.

ಮಾತು ನಿಲ್ಲಿಸುವವರು ಮತ್ತೆ ಯಾವಾಗ ಅಂತ ಹೇಳಿಯೇ ನಿಲ್ಲಿಸಬೇಕು. "ರೀ, ಈಗ ಬೇಡ. ಒಂಬತ್ತೂವರೆಗೆ ಕೂತು ಮಾತಾಡೋಣ." ಇಷ್ಟು ಸಾಕು. "ಆಮೇಲೆ ನೋಡೋಣ" ಅಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆಯೇ.

ಯಾವಾಗ ನಿಲ್ಲಿಸಬೇಕು ಅನ್ನೋದಕ್ಕೆ ನಾಡಿ ಹಿಡಿಯುತ್ತೇವೆ. 15 ಸೆಕೆಂಡಿಗೆ 25 ಬಡಿತ ದಾಟಿದರೆ, ಅಂದರೆ ನಿಮಿಷಕ್ಕೆ 100 ಮೀರಿದರೆ, ಅಲ್ಲಿಗೆ ಸಾಕು. (ಆಗಷ್ಟೇ ಮೆಟ್ಟಿಲು ಹತ್ತಿ ಬಂದವರ ನಾಡಿ ಲೆಕ್ಕಕ್ಕಿಲ್ಲ.) ದಂಪತಿಗಳ ಜಗಳವನ್ನು ಪ್ರಯೋಗಾಲಯದಲ್ಲಿ ಅಳೆದು ನೋಡಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಕೊಡುವ ಗುರುತೂ ಇದೇ, ಮೈ ತಣಿಯಲು ಕನಿಷ್ಠ 20 ನಿಮಿಷ ಬೇಕು ಅಂತಾರೆ. ನಾವು ಅರ್ಧ ಗಂಟೆ ಇಟ್ಟುಕೊಂಡಿದ್ದೇವೆ. ರಾತ್ರಿ ಹತ್ತಾಗಿದ್ದರೆ ಬೆಳಗಿನ ಕಾಫಿಯಾದ ಮೇಲೆ. ಒಂದು ದಿನ ದಾಟುವಂತಿಲ್ಲ.

ಕಷ್ಟ ಇರುವುದು ಆ ಅರ್ಧ ಗಂಟೆಯಲ್ಲಿ. ಸುಮ್ಮನೆ ಕೂತರೆ ಒಳಗೆ "ಅವಳು ಹಾಗಂದರೆ ನಾನು ಹೀಗನ್ನಬೇಕು" ಅಂತ ವಾದ ನಡೆದೇ ಇರುತ್ತದೆ, ನಾಡಿ ಇಳಿಯುವುದಿಲ್ಲ. ಕೈಗೆ ಕೆಲಸ ಬೇಕು. ಮೆಂತ್ಯ ಸೊಪ್ಪು ಬಿಡಿಸುವುದು ಹೇಳಿ ಮಾಡಿಸಿದ್ದು: ಅವಸರ ಮಾಡಿದರೆ ಎಲೆಯ ಜೊತೆ ದಂಟೂ ಬರುತ್ತದೆ. ಪಾತ್ರೆ ತೊಳೆಯುವುದು ಮಾತ್ರ ಬೇಡ. ಸಿಂಕಿನಲ್ಲಿ ಸ್ಟೀಲ್ ತಟ್ಟೆಗಳು ನಮ್ಮ ಪರವಾಗಿ ಜಗಳ ಮುಂದುವರಿಸುತ್ತವೆ. ವಾಟ್ಸಾಪ್‌ನಲ್ಲಿ ಉದ್ದುದ್ದ ಬರೆಯುವುದೂ ಇಲ್ಲ.

ಹಾಲು, ಗ್ಯಾಸು, ಸ್ಕೂಲ್ ವ್ಯಾನಿನ ಮಾತು ಎಂದಿನಂತೆ ನಡೆಯಬೇಕು, ಅದೂ ನೇರವಾಗಿ. "ಊಟಕ್ಕೆ ಬರೋಕೆ ಹೇಳು ನಿಮ್ಮಪ್ಪಂಗೆ" ಅಂತ ಮಗುವಿನ ಕೈಲಿ ಹೇಳಿಸುವ ಮನೆಯಲ್ಲಿ ಮೌನ ವಾರಗಟ್ಟಲೆ ಎಳೆಯುತ್ತದೆ. ಮಾತಿಲ್ಲದೆಯೂ ಸಂಸಾರ ಸಾಗುತ್ತದಲ್ಲ, ಮುಗಿಸುವ ಅವಸರ ಯಾರಿಗಿದೆ?

ಒಬ್ಬರು ಹೆದರಿ ಬಾಯಿ ಮುಚ್ಚಿಕೊಂಡಿದ್ದರೆ, ಅಥವಾ ಮಾತಿನ ಜೊತೆ ಮನೆಖರ್ಚಿನ ದುಡ್ಡೂ ನಿಂತಿದ್ದರೆ ಈ ಕ್ರಮ ಅಲ್ಲಿಗಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಭಾವನಾತ್ಮಕ, ಆರ್ಥಿಕ ಹಿಂಸೆಯೂ ಸೇರಿದೆ. ಮಹಿಳಾ ಸಹಾಯವಾಣಿ 181.

ಹೆಚ್ಚಾಗಿ ಕೆಡುವುದು ಬೆನ್ನು ಹತ್ತುವುದರಿಂದ. "ಈಗಲೇ ಹೇಳು" ಅಂತ ಅಡುಗೆಮನೆಯಿಂದ ಹಾಲ್‌ಗೆ, ಹಾಲಿನಿಂದ ಬಾಲ್ಕನಿಗೆ ಹಿಂದೆ ಬಂದಷ್ಟೂ ಇನ್ನೊಬ್ಬರು ಬಾಯಿ ಬಿಗಿಯುತ್ತಾರೆ. ಬೆನ್ನು ಹತ್ತುವವರಿಗೆ ಇರುವ ಭಯ ಒಂದೇ, ಈ ಮಾತು ಇಲ್ಲಿಗೇ ಮುಚ್ಚಿಹೋಗುತ್ತದೆ ಅಂತ. ಆದ್ದರಿಂದ ಬಿಡುವು ಕೇಳಿದವರೇ ಹೇಳಿದ ಹೊತ್ತಿಗೆ ಬಂದು ಕೂತು ಮೊದಲು ಮಾತು ತೆಗೆಯಬೇಕು. ಎರಡು ಸಲ ತಪ್ಪಿಸಿದರೆ ಮೂರನೇ ಸಲ ಬಿಡುವು ಸಿಗುವುದಿಲ್ಲ.