ಹುಟ್ಟು ಬೇರೆ, ಕಸುಬು ಬೇರೆ: ನಮ್ಮ ಆಟದ ಮೇಜಿಗೆ ನಾನು ಕಟ್ಟಿದ ಪಾತ್ರಗಳು

ಡಂಜನ್ಸ್ ಅಂಡ್ ಡ್ರಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಅದರ ಕ್ಯಾರೆಕ್ಟರ್ ಶೀಟನ್ನು, ಅಂದರೆ ಪಾತ್ರದ ವಿವರ ಬರೆಯುವ ಹಾಳೆಯನ್ನು, ಕನ್ನಡಕ್ಕೆ ತರಲು ಕೂತವನು ಮೂರನೇ ಸಾಲಿಗೇ ನಿಂತುಬಿಟ್ಟೆ. ಮೊದಲ ಸಾಲು ಹೆಸರು. ಎರಡನೆಯದು ಕ್ಲಾಸ್. ಮೂರನೆಯದು ರೇಸ್. ಎಲ್ಫ್, ಡ್ವಾರ್ಫ್, ಹಾಫ್ಲಿಂಗ್ ಹೀಗೆ ಪಾತ್ರ ಯಾವ ಕಾಲ್ಪನಿಕ ಜನಕ್ಕೆ ಸೇರಿದ್ದು ಎಂದು ಬರೆಯುವ ಜಾಗ ಅದು. ಹೆಚ್ಚು ಯೋಚಿಸದೆ "ಜಾತಿ" ಎಂದು ಹಾಕಿ, ಪ್ರಿಂಟ್ ತೆಗೆದು, ಭಾನುವಾರ ಮೇಜಿನ ಮೇಲಿಟ್ಟೆ.

ನಾವು ಐದು ಜನ. ನಾನು ಡಿಎಂ, ಅಂದರೆ ಆಟ ನಡೆಸುವವನು. ಒಬ್ಬ ಗೆಳೆಯ ಪೆನ್ನು ಹಿಡಿದು ಆ ಸಾಲನ್ನೇ ನೋಡುತ್ತಾ ಕೂತ. "ಈ ಕಾಲಂ ಇರೋ ಫಾರಂ ಜೀವನದಲ್ಲಿ ಬೇಕಾದಷ್ಟು ತುಂಬಿದ್ದೀನಿ. ಇಲ್ಲೂ ಬೇಕಾ?" ಅಂದ. ಯಾರೂ ಮಾತಾಡಲಿಲ್ಲ. ಆ ಹಾಳೆಗಳನ್ನು ವಾಪಸ್ ತೆಗೆದುಕೊಂಡೆ.

"ಕುಲ" ಎಂದು ಬದಲಿಸಿ ನೋಡಿದೆ. ಅದೂ ಅದೇ ಗಾಯ. "ಜನಾಂಗ" ಎಂದರೆ ಪಠ್ಯಪುಸ್ತಕದ ವಾಸನೆ. ಕೊನೆಗೆ "ಹುಟ್ಟು" ಎಂದು ಬರೆದೆ. ಕ್ಲಾಸ್‌ಗೆ "ವರ್ಗ" ಎನ್ನುವ ಬದಲು "ಕಸುಬು" ಎಂದೆ. ಎರಡೂ ಪದ ಒಂದರ ಕೆಳಗೊಂದು ಕೂತ ಮೇಲೆ ನನಗೆ ಬಹಳ ದಿನದಿಂದ ಚುಚ್ಚುತ್ತಿದ್ದದ್ದು ಏನು ಅಂತ ಗೊತ್ತಾಯಿತು. ಈ ಆಟದಲ್ಲಿ ಹುಟ್ಟು ಕಸುಬಿನ ಕೈ ಹಿಡಿದು ಎಳೆಯುತ್ತದೆ. ನಮ್ಮ ಊರುಗಳಲ್ಲಿ ಎಷ್ಟೋ ಜನ ಯಾವುದರಿಂದ ಬಿಡಿಸಿಕೊಳ್ಳಲು ತಲೆಮಾರುಗಟ್ಟಲೆ ಒದ್ದಾಡಿದರೋ, ಅದನ್ನೇ ನಾವು ಭಾನುವಾರ ಮಜಾಕ್ಕೆ ಅಂತ ಆಡುತ್ತಿದ್ದೆವು.

ಹಳೆಯ ನಿಯಮಗಳನ್ನು ತೆಗೆದು ನೋಡಿದರೆ ಇದು ಇನ್ನೂ ಬಿಚ್ಚಿ ಕಾಣುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಈ ಆಟ ತಂದಾಗ ಕಸುಬುಗಳು ಮೂರೇ: ಹೋರಾಟಗಾರ, ಮಾಂತ್ರಿಕ, ಪೂಜಾರಿ. ಕಳ್ಳ ಬಂದದ್ದು ಮರುವರ್ಷ. ಮನುಷ್ಯರು ಏನು ಬೇಕಾದರೂ ಆಗಬಹುದಿತ್ತು. ಡ್ವಾರ್ಫ್ ಮಾತ್ರ ಹೋರಾಟಗಾರನೇ ಆಗಬೇಕು, ಅದೂ ಪಾತ್ರ ಆಡುತ್ತಾ ಏರುವ ಮೆಟ್ಟಿಲುಗಳಲ್ಲಿ, ಅಂದರೆ ಲೆವೆಲ್‌ಗಳಲ್ಲಿ, 6ನೇ ಲೆವೆಲ್‌ವರೆಗೆ. 1981ರ ಬೇಸಿಕ್ ಆವೃತ್ತಿಯಲ್ಲಿ ಹುಟ್ಟೇ ಕಸುಬಾಯಿತು. ಮನುಷ್ಯನಿಗೆ ನಾಲ್ಕು ಕಸುಬು. ಡ್ವಾರ್ಫ್‌ನ ಕಸುಬು "ಡ್ವಾರ್ಫ್", ಎಲ್ಫ್‌ನ ಕಸುಬು "ಎಲ್ಫ್". ಡ್ವಾರ್ಫ್ 12ನೇ ಲೆವೆಲ್‌ಗೆ ನಿಲ್ಲಬೇಕು, ಎಲ್ಫ್ 10ಕ್ಕೆ, ಹಾಫ್ಲಿಂಗ್ 8ಕ್ಕೆ. ನಡುವೆ ಬಂದ 1978ರ ಅಡ್ವಾನ್ಸ್ಡ್ ಪುಸ್ತಕ ಹುಟ್ಟು ಕಸುಬುಗಳನ್ನು ಬೇರೆಯಾಗಿಯೇ ಇಟ್ಟಿತ್ತು, ಆದರೆ ಯಾರು ಏನಾಗಬಹುದು ಎಂಬ ಪಟ್ಟಿ ಇಟ್ಟುಕೊಂಡೇ. ಅದೇ ಪುಸ್ತಕದಲ್ಲಿ ಹೆಣ್ಣು ಪಾತ್ರಗಳ ಬಲಕ್ಕೆ ಗಂಡು ಪಾತ್ರಗಳಿಗಿಂತ ಕಡಿಮೆ ಮಿತಿ ಇತ್ತು. ಇದನ್ನು ಓದಿ ಹೇಳಿದಾಗ ನನ್ನ ತಂಗಿಯ ಮುಖ ನೋಡಬೇಕಿತ್ತು. ಅವಳು ನಮ್ಮ ಮೇಜಿನಲ್ಲಿ ಎಲ್ಲರಿಗಿಂತ ಮುಂದೆ ನುಗ್ಗಿ ಹೊಡೆಯುವವಳು.

2000ದ ಮೂರನೇ ಆವೃತ್ತಿ ಈ ಬೇಲಿಗಳನ್ನು ಕಿತ್ತಿತು. ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು. ಆದರೆ ಹುಟ್ಟಿಗೆ ತಕ್ಕ ಹಾಗೆ ಬಲ, ಬುದ್ಧಿಯಂಥ ಗುಣಗಳಿಗೆ ಸೇರುವ ಅಂಕಿಗಳು ಉಳಿದವು. ಅಲ್ಲಿಂದ ಮುಂದೆ ನಿಯಮದ ಬದಲು ಅಂಕಿಯೇ ಎಳೆಯತೊಡಗಿತು.

ನಾವು ಆಡುವ 2014ರ ಐದನೇ ಆವೃತ್ತಿಯನ್ನೇ ತೆಗೆದುಕೊಳ್ಳಿ. ಪಾಯಿಂಟ್ ಕೊಟ್ಟು ಗುಣಗಳನ್ನು ಕೊಂಡರೆ ಒಂದು ಗುಣಕ್ಕೆ ಜಾಸ್ತಿ ಅಂದರೆ 15. ನೋಮ್‌ಗೆ (ಇದೂ ಒಂದು ಹುಟ್ಟು) ಬುದ್ಧಿಯಲ್ಲಿ +2 ಇದೆ, ಅವನ ಬುದ್ಧಿ 17 ಆಗುತ್ತದೆ, ದಾಳಕ್ಕೆ ಕೂಡುವ ಮಾಡಿಫೈಯರ್ +3. ಹಾಫ್-ಆರ್ಕ್‌ಗೆ (ಅರ್ಧ ಮನುಷ್ಯ, ಅರ್ಧ ಆರ್ಕ್ ಎಂಬ ಕಥೆಯ ಜೀವಿ) ಬಲ ಮತ್ತು ಗಟ್ಟಿತನದಲ್ಲಿ ಮಾತ್ರ ಹೆಚ್ಚು. ಅವನು ಮಾಂತ್ರಿಕನಾದರೆ ಮಂತ್ರಕ್ಕೆ ಬೇಕಾದ ಬುದ್ಧಿ 15ಕ್ಕೇ ನಿಂತು ಮಾಡಿಫೈಯರ್ +2. ವ್ಯತ್ಯಾಸ ಒಂದೇ ಒಂದು. 20 ಮುಖದ ದಾಳವನ್ನು 20 ಸಲ ಉರುಳಿಸಿದರೆ ಸರಾಸರಿ ಒಂದು ಸಲ ಫಲಿತಾಂಶ ಬದಲಾಗುತ್ತದೆ, ಅಷ್ಟೇ. ಆದರೂ ಮುಂದುವರಿಯುತ್ತಾ ಹೋಗುವ ಉದ್ದ ಕಥೆಗಳಾದ ಮೂರು ಕ್ಯಾಂಪೇನ್‌ಗಳಲ್ಲಿ ನಮ್ಮ ಮೇಜಿನಲ್ಲಿ ಒಬ್ಬನೇ ಒಬ್ಬ ಹಾಫ್-ಆರ್ಕ್ ಮಾಂತ್ರಿಕ ಹುಟ್ಟಲಿಲ್ಲ. ಯಾರೂ ತಡೆದಿರಲಿಲ್ಲ. ಆ ಒಂದು ಅಂಕಿ ಸಾಕಾಗಿತ್ತು.

ಆಟ ತಯಾರಿಸುವವರಿಗೂ ಇದು ಕಂಡಿದೆ. 2020ರಲ್ಲಿ ಈ ಅಂಕಿಗಳನ್ನು ಬೇಕಾದ ಗುಣಕ್ಕೆ ಹಾಕಿಕೊಳ್ಳಬಹುದು ಎಂಬ ಐಚ್ಛಿಕ ನಿಯಮ ಬಂತು. 2022ರ ಡಿಸೆಂಬರ್‌ನಲ್ಲಿ "ರೇಸ್" ಪದವನ್ನು ಬಿಟ್ಟು "ಸ್ಪೀಷೀಸ್" ಎನ್ನುತ್ತೇವೆ ಎಂದರು. 2024ರ ಪುಸ್ತಕದಲ್ಲಿ ಅಂಕಿಗಳು ಹುಟ್ಟಿನಿಂದ "ಹಿನ್ನೆಲೆ"ಗೆ, ಅಂದರೆ ಪಾತ್ರ ಮೊದಲು ಬದುಕಿದ ಬದುಕಿಗೆ, ಹೋದವು. ನನಗೆ ಸಮಾಧಾನ ಆಗಲಿಲ್ಲ. ಯಾಕೆ ಅಂದರೆ ಅಲ್ಲಿ ರೈತ ಹಿನ್ನೆಲೆಯವನಿಗೆ ಬಲ, ಗಟ್ಟಿತನ, ವಿವೇಕ ಈ ಮೂರರಲ್ಲೇ ಅಂಕಿ ಸೇರಿಸಲು ಅವಕಾಶ. ಬುದ್ಧಿ ಆ ಪಟ್ಟಿಯಲ್ಲಿಲ್ಲ. ನಮ್ಮಪ್ಪ ರಾಗಿ ಬೆಳೆದವರು. ಮಳೆ, ಮಣ್ಣು, ಬಡ್ಡಿ, ಮಾರುಕಟ್ಟೆ ಎಲ್ಲ ಲೆಕ್ಕವನ್ನೂ ತಲೆಯಲ್ಲೇ ಮಾಡುತ್ತಿದ್ದರು. ಡಿಎಂ ಬೇರೆ ಹಿನ್ನೆಲೆ ಕಟ್ಟಿಕೊಡಬಹುದು, ನಿಜ. ಆದರೆ ಪುಸ್ತಕ ತೆರೆದವನ ಕಣ್ಣಿಗೆ ಮೊದಲು ಬೀಳುವುದು ಅಚ್ಚಾದ ಪಟ್ಟಿಯೇ ಅಲ್ವಾ?

ಹಾಗಾಗಿ ನಮ್ಮ ಮೇಜಿನ ನಿಯಮ ಹೀಗಾಯಿತು. ಒಂದು +2, ಒಂದು +1. ಎಲ್ಲಿ ಬೇಕೋ ಅಲ್ಲಿ ಹಾಕಿಕೊಳ್ಳಿ. ಕಾರಣ ಕೇಳುವುದಿಲ್ಲ.

ಇದಾದ ಮೇಲೆ ಕಷ್ಟದ ಪ್ರಶ್ನೆ ಬಂತು. ಅಂಕಿ ತೆಗೆದ ಮೇಲೆ ಹುಟ್ಟಿನಲ್ಲಿ ಉಳಿಯುವುದೇನು? ಬರೀ ಚೂಪು ಕಿವಿಯೇ? ಉತ್ತರ ಹುಡುಕಲು ನಾನೇ ಒಂದು ಜನವನ್ನು ಕಟ್ಟಿದೆ. ಹೆಸರು ಜೌಗಿನವರು. ಕಪ್ಪೆಯ ಹಾಗೆ ಚರ್ಮದಿಂದಲೂ ಉಸಿರಾಡುವವರು, ಕೆಸರು ನೆಲದಲ್ಲಿ ಊರು ಕಟ್ಟಿಕೊಂಡವರು.

ಮೊದಲ ಕರಡಿನಲ್ಲಿ ಆರು ಶಕ್ತಿ ಕೊಟ್ಟಿದ್ದೆ. ಈಜು, ನೀರೊಳಗೆ ಉಸಿರು, ಉದ್ದ ನೆಗೆತ, ಕತ್ತಲಲ್ಲಿ ದೃಷ್ಟಿ, ವಿಷ ತಡೆಯುವ ಮೈ, ಚಾಚುವ ನಾಲಿಗೆ. ನಾಲ್ಕು ಸೆಷನ್ ಆಡಿದೆವು. ಆಡಿದವನು ಎರಡನ್ನು ಮಾತ್ರ ನೆನಪಿಟ್ಟುಕೊಂಡಿದ್ದ. ಉಳಿದವು ಹಾಳೆಯ ಮೇಲೆ ಸುಮ್ನೆ ಬಿದ್ದಿದ್ದವು. ಕತ್ತಲ ದೃಷ್ಟಿಯಂತೂ ಕೆಟ್ಟದ್ದೇ ಮಾಡಿತು. ದೀಪ ಯಾರು ಹಿಡಿಯಬೇಕು ಎಂಬ ಮಾತೇ ಹೋಯಿತು, ಗುಹೆಯ ಭಯವೂ ಅದರ ಜೊತೆ ಹೋಯಿತು.

ಎಲ್ಲವನ್ನೂ ಹೊಡೆದುಹಾಕಿ ಎರಡು ಉಳಿಸಿದೆ. ಒಂದು, ಜೌಗಿನವರು ಮೈಯಿಂದ ನೀರು ಕುಡಿಯುತ್ತಾರೆ. ಕೈ ಅದ್ದಿದರೆ ಕಳೆದ ಒಂದು ದಿನದಲ್ಲಿ ಆ ನೀರಿಗೆ ಏನು ಬಿದ್ದಿದೆ ಅಂತ ಗೊತ್ತಾಗುತ್ತದೆ. ರಕ್ತ, ವಿಷ, ಬೂದಿ, ಸೋಪು, ಏನೇ ಇರಲಿ. ಎರಡು, ಆರು ಗಂಟೆ ಮೈ ಒಣಗಿದರೆ ಸುಸ್ತು ಶುರುವಾಗುತ್ತದೆ. ಒಂದು ವರ, ಒಂದು ಕೊರತೆ. ಎರಡೂ ಒಂದೇ ಚರ್ಮದಿಂದ ಬಂದವು.

ಮುಂದಿನ ಕಥೆಯಲ್ಲಿ ಕೋಟೆಯೊಳಗೆ ಕಾವಲುಗಾರನೊಬ್ಬ ಕಾಣೆಯಾಗಿದ್ದ. ನಾನು ಬರೆದಿಟ್ಟ ಸುಳಿವುಗಳೆಲ್ಲ ಅಡುಗೆಮನೆಯಲ್ಲಿದ್ದವು. ಜೌಗಿನವಳಾಗಿ ಆಡುತ್ತಿದ್ದ ತಂಗಿ ಅತ್ತ ಹೋಗಲೇ ಇಲ್ಲ. ಸೀದಾ ಮೆಟ್ಟಿಲುಬಾವಿಗೆ ಇಳಿದಳು. "ಕೈ ಅದ್ದುತ್ತೀನಿ" ಅಂದಳು. ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಒಂದು ಕ್ಷಣ ಯೋಚಿಸಿ "ಬೂದಿ, ಮತ್ತೆ ಸುಟ್ಟ ಚರ್ಮದ ಎಣ್ಣೆ" ಅಂದೆ. ಮೇಜು ಪೂರ್ತಿ ಸ್ತಬ್ಧ. ಅಲ್ಲಿಂದ ಕಥೆ ನಾನು ಬರೆದದ್ದಕ್ಕಿಂತ ಚೆನ್ನಾಗಿ ಹೋಯಿತು. ಹುಟ್ಟು ಕೊಡಬೇಕಾದದ್ದು ಇಂಥದ್ದನ್ನು, ಅಂದರೆ ಜಗತ್ತನ್ನು ಮುಟ್ಟುವ ಬೇರೆ ಒಂದು ರೀತಿಯನ್ನು. ಮಾಂತ್ರಿಕನಾಗಲಿ ಕಳ್ಳನಾಗಲಿ, ಜೌಗಿನವನಿಗೆ ಅದು ಒಂದೇ ಥರ ಉಪಯೋಗಕ್ಕೆ ಬರುತ್ತದೆ. ಯಾವ ಕಸುಬಿನ ಕಡೆಗೂ ಎಳೆಯುವುದಿಲ್ಲ.

ಕಸುಬು ಕಟ್ಟುವುದು ಇದಕ್ಕಿಂತ ಬಹಳ ಹೆಚ್ಚು ಕೆಲಸ. ಅಲ್ಲಿ ನನಗೆ ಸುಮಾರು ಒಂದು ವರ್ಷ ಹಿಡಿಯಿತು.

ನಮ್ಮೂರು ಬೇಲೂರಿನ ಹತ್ತಿರ. ಶಾಲೆಯ ಪ್ರವಾಸ ಅಂದರೆ ಹಳೇಬೀಡೇ. ಹೊಯ್ಸಳೇಶ್ವರ ದೇವಸ್ಥಾನದ ಹತ್ತಿರ ಒಂದು ಗರುಡಗಂಬ ಇದೆ. ಅದರ ಮೇಲೆ ಕತ್ತಿ ಹಿಡಿದು ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುವ ವೀರರ ಕೆತ್ತನೆ. ಹೊಯ್ಸಳರ ಕಾಲದ ಗರುಡರು ಒಡೆಯನ ಅಂಗರಕ್ಷಕರು, ಒಡೆಯ ಹೋದರೆ ತಾವೂ ಹೋಗುತ್ತೇವೆ ಎಂದು ಆಣೆ ಮಾಡಿದವರು. ಆ ಕಂಬದ ಶಾಸನ ಎರಡನೇ ವೀರಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮನನ್ನು ನೆನೆಯುತ್ತದೆ. ಚಿಕ್ಕಂದಿನಲ್ಲಿ ಅದನ್ನು ನೋಡಿ ರಾತ್ರಿ ನಿದ್ದೆ ಬಂದಿರಲಿಲ್ಲ. ದೊಡ್ಡವನಾದ ಮೇಲೆ ಅದೇ ಕಂಬ ನನ್ನ ಕಸುಬಿಗೆ ಹೆಸರು ಕೊಟ್ಟಿತು.

ಕಸುಬು ಕಟ್ಟುವಾಗ ನಾನು ಮೊದಲು ಒಂದು ಕ್ರಿಯಾಪದ ಹುಡುಕುತ್ತೇನೆ. ತನ್ನ ಸರದಿ ಬಂದಾಗ ಈ ಆಟಗಾರ ಏನು ಮಾಡುತ್ತಾನೆ? ಕಳ್ಳ ನುಸುಳುತ್ತಾನೆ. ಬಾರ್ಬೇರಿಯನ್ ಕೆರಳುತ್ತಾನೆ. ಗರುಡ ಅಡ್ಡ ನಿಲ್ಲುತ್ತಾನೆ. ಪದ ಸಿಕ್ಕಿದ ಮೇಲೆಯೇ ಅಂಕಿಗೆ ಕೈ ಹಾಕುವುದು.

ಮೊದಲ ನಿಯಮ ಸರಳವಾಗಿತ್ತು. ಬೆಳಿಗ್ಗೆ ಗುಂಪಿನಲ್ಲಿ ಒಬ್ಬರನ್ನು ನಿನ್ನ "ಹೊಣೆ" ಎಂದು ಆರಿಸಿಕೋ. ಅವರು ನಿನ್ನಿಂದ 5 ಅಡಿಯೊಳಗೆ ಇದ್ದಾಗ ಏಟು ಬಿದ್ದರೆ, ರಿಯಾಕ್ಷನ್, ಅಂದರೆ ಬೇರೆಯವರ ಸರದಿಯಲ್ಲೂ ಮಾಡಬಹುದಾದ ಒಂದು ಕೆಲಸ, ಬಳಸಿ ಆ ಏಟನ್ನು ನೀನು ತಗೋ. 5ನೇ ಲೆವೆಲ್, ಗಟ್ಟಿತನ 14 ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. ಮಾಂತ್ರಿಕನಿಗೆ 32 ಹಿಟ್ ಪಾಯಿಂಟ್, ಅಂದರೆ ಬೀಳುವ ಮೊದಲು ತಾಳಬಲ್ಲ ಪೆಟ್ಟು. 12 ಮುಖದ ದಾಳ ಕೊಟ್ಟ ಗರುಡನಿಗೆ 50. ಎದುರಿಗೆ ಎರಡು ಓಗರ್ (ದೈತ್ಯ ರಾಕ್ಷಸ) ನಿಲ್ಲಿಸಿ, ಒಂದೇ ಕಾಳಗವನ್ನು ಆರು ಸಲ ಆಡಿದೆವು.

ಆರರಲ್ಲೂ ಗುಂಪು ಗೆದ್ದಿತು. ಆರರಲ್ಲೂ ಗರುಡನಾಗಿ ಆಡಿದವನಿಗೆ ಬೇಜಾರಾಯಿತು. ಯಾಕೆ ಅಂತ ತಿಳಿಯಲು ನನಗೆ ವಾರ ಹಿಡಿಯಿತು. ಏಟು ಬಿದ್ದ ಮೇಲೆ "ತಗೊಳ್ತೀಯಾ?" ಎಂದು ಕೇಳಿದರೆ ಉತ್ತರ ಯಾವಾಗಲೂ ಹೌದು. ಬೇರೆ ಉತ್ತರವೇ ಇಲ್ಲದ ಕಡೆ ಆಟ ಎಲ್ಲಿ? ಇನ್ನೊಂದು ಕಡೆ ಮಾಂತ್ರಿಕನ ಆಟಗಾರನೂ ಖುಷಿಯಾಗಿರಲಿಲ್ಲ. "ನಾನೇನು ಲಗೇಜಾ?" ಎಂದು ಕೇಳಿದ. ಅವನು ಕೇಳಿದ್ದು ನ್ಯಾಯವಾಗಿತ್ತು.

ಎರಡು ಬದಲಾವಣೆ ಮಾಡಿದೆ. ಒಂದು, ದಾಳ ಉರುಳುವ ಮೊದಲೇ ಹೇಳಬೇಕು. ಗರುಡ "ಅಡ್ಡ!" ಎಂದರೆ ಇಬ್ಬರೂ ಜಾಗ ಬದಲಿಸುತ್ತಾರೆ, ಏಟನ್ನು ಗರುಡನ ಎಸಿಯ (ಏಟು ತಾಗಲು ದಾಳ ಮುಟ್ಟಬೇಕಾದ ಅಂಕಿ) ವಿರುದ್ಧ ನೋಡುತ್ತೇವೆ. ಓಗರ್‌ಗೆ ಹೊಡೆಯಲು +6 ಇದೆ, ಒಂದು ಏಟಿಗೆ ಸರಾಸರಿ 13. ಮಾಂತ್ರಿಕನ ಎಸಿ 12, ನೂರಕ್ಕೆ 75 ಸಲ ತಾಗುತ್ತದೆ. ಚೈನ್ ಮೇಲ್ (ಲೋಹದ ಬಳೆಗಳ ಕವಚ) ತೊಟ್ಟು ಗುರಾಣಿ ಹಿಡಿದ ಗರುಡನ ಎಸಿ 18, ನೂರಕ್ಕೆ 45. ಅಂದರೆ ಮಧ್ಯೆ ನಿಂತರೆ ಏಟು ತಪ್ಪಿಯೇ ಹೋಗಬಹುದು. ಆದರೆ ಒಂದು ಸುತ್ತಿಗೆ ರಿಯಾಕ್ಷನ್ ಒಂದೇ. ಎರಡು ಓಗರ್‌ಗಳಲ್ಲಿ ಯಾವುದಕ್ಕೆ ಅಡ್ಡ ನಿಲ್ಲಬೇಕು? ಮೊದಲಿನದಕ್ಕೆ ಖರ್ಚು ಮಾಡಿದರೆ ಎರಡನೆಯದು ಬಂದಾಗ ಕೈ ಖಾಲಿ. ಈ ಸಲ ಆಟಗಾರ ಕುರ್ಚಿಯ ತುದಿಗೆ ಬಂದು ಕೂತಿದ್ದ.

ಎರಡನೆಯ ಬದಲಾವಣೆ ಮಾಂತ್ರಿಕನಿಗಾಗಿ. ಹೊಣೆಯಾಗಲು ಅವನು ಒಪ್ಪಬೇಕು. ಪ್ರತಿ ಸಲ "ಅಡ್ಡ" ಆದ ಮೇಲೆ ಅವನು ತನ್ನ ಅರ್ಧ ನಡಿಗೆಯಷ್ಟು ದೂರ ಬಿಟ್ಟಿಯಾಗಿ ಸರಿಯಬಹುದು. ಈಗ ಅವನೇ "ಬಾ, ಈಗ ಬಾ" ಎಂದು ಕೂಗುತ್ತಾನೆ, ತಾನು ಎಲ್ಲಿ ಹೋಗಬೇಕು ಅಂತ ಮೊದಲೇ ನೋಡಿಟ್ಟುಕೊಂಡಿರುತ್ತಾನೆ. ಇಬ್ಬರ ಆಟ ಒಂದಾಯಿತು.

ಗರುಡನ ಸ್ವಂತ ಸರದಿ ಇನ್ನೂ ಸಪ್ಪೆಯಾಗಿತ್ತು. ಇದಕ್ಕೆ ಗುರುತು ಹಾಕುವ ಉಪಾಯವನ್ನು 2008ರ ನಾಲ್ಕನೇ ಆವೃತ್ತಿಯಿಂದ ಕಲಿತೆ. ಅಲ್ಲಿ ರಕ್ಷಕ ಕಸುಬಿನವರು ಶತ್ರುವಿನ ಮೇಲೆ ಗುರುತು ಹಾಕುತ್ತಿದ್ದರು. ಗುರುತು ಬಿದ್ದವನು ಅವರನ್ನು ಬಿಟ್ಟು ಬೇರೆಯವರಿಗೆ ಹೊಡೆದರೆ ದಾಳಕ್ಕೆ 2 ಕಡಿಮೆ. ಆ ಆವೃತ್ತಿಯನ್ನು ಬಹಳ ಜನ ಬೈಯುತ್ತಾರೆ. ನನ್ನ ಮಟ್ಟಿಗೆ, ಗುಂಪಿನಲ್ಲಿ ಯಾರ ಕೆಲಸ ಏನು ಎಂಬುದನ್ನು ಅಷ್ಟು ಶ್ರದ್ಧೆಯಿಂದ ಯೋಚಿಸಿದ ಆವೃತ್ತಿ ಇನ್ನೊಂದಿಲ್ಲ.

ಕೊನೆಗೆ ಉಳಿದದ್ದು ಆಣೆ. ಹೊಣೆ ಸತ್ತರೆ ಗರುಡನೂ ಸಾಯಬೇಕು ಎಂದೇ ಮೊದಲು ಬರೆದಿದ್ದೆ. ಕಂಬದ ಮೇಲಿರುವುದು ಅದೇ ತಾನೇ? ಆಡಿ ನೋಡಿದ ರಾತ್ರಿ ಮಾಂತ್ರಿಕ ಬಿದ್ದ. ಗರುಡನ ಆಟಗಾರ ತನ್ನ ಹಾಳೆಯನ್ನು ಮೆಲ್ಲಗೆ ಬೋರಲು ಹಾಕಿದ. ಎರಡು ತಿಂಗಳು ಸಾಕಿದ ಪಾತ್ರ. ಅವನು ಏನೂ ಅನ್ನಲಿಲ್ಲ, ಬೇಗ ಎದ್ದು ಮನೆಗೆ ಹೋದ. ನನಗೆ ಬಹಳ ನೋವಾಯಿತು. ಕಲ್ಲಿನ ಮೇಲೆ ನಿಂತ ಸಾವು ಎಂಟು ನೂರು ವರ್ಷ ಹಳೆಯದು. ಗೆಳೆಯನ ಮೇಜಿನ ಮೇಲೆ ಅದನ್ನು ಹಾಗೇ ಇಳಿಸುವ ಹಕ್ಕು ನನಗಿರಲಿಲ್ಲ.

ಈಗಿನ ನಿಯಮ ಹೀಗಿದೆ. ಹೊಣೆ ಬಿದ್ದರೆ ಗರುಡ ಆ ಜಾಗದಿಂದ 10 ಅಡಿ ಆಚೆ ಹೋಗುವಂತಿಲ್ಲ. ಆ 10 ಅಡಿಯೊಳಗೆ ಕಾಲಿಟ್ಟ ಪ್ರತಿ ಶತ್ರುವಿಗೂ ಅವನಿಂದ ಒಂದು ಹೊಡೆತ. ರಿಯಾಕ್ಷನ್ ಖರ್ಚಿಲ್ಲ. ಓಡಿಹೋಗಲು ದಾರಿ ಇದ್ದರೂ ಅವನು ಓಡುವುದಿಲ್ಲ, ಅಷ್ಟೇ. ಇದನ್ನು 3ನೇ ಲೆವೆಲ್‌ಗೆ ಇಟ್ಟಿದ್ದೇನೆ. ಮೊದಲ ಲೆವೆಲ್‌ನಲ್ಲೇ ಕೊಟ್ಟರೆ ಬೇರೆ ಕಸುಬಿನವರು ಒಂದೇ ಒಂದು ಲೆವೆಲ್ ಗರುಡನಾಗಿ, ಅದನ್ನು ಕಿತ್ತುಕೊಂಡು ವಾಪಸ್ ಹೋಗುತ್ತಾರೆ. ಹೋಮ್‌ಬ್ರೂ (ಸ್ವಂತ ನಿಯಮ) ಮಾಡುವವರು ಇದೊಂದನ್ನು ಮರೆಯಬಾರದು.

2023ರ ಜನವರಿಯಲ್ಲಿ ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಬಿಟ್ಟದ್ದರಿಂದ, ಮೂಲವನ್ನು ಹೆಸರಿಸಿ ಕನ್ನಡದಲ್ಲಿ ಬರೆದು ಹಂಚಲು ಅಡ್ಡಿಯಿಲ್ಲ. ನನ್ನ ಹಾಳೆಗಳನ್ನು ಈಗ ಇನ್ನೊಂದು ಗುಂಪೂ ಆಡುತ್ತಿದೆ. ಅವರ ಗುಂಪಿನಲ್ಲಿ ಹಾಫ್-ಆರ್ಕ್ ಮಾಂತ್ರಿಕ ಒಬ್ಬನಿದ್ದಾನೆ. ಕೇಳಿ ತುಂಬಾ ಖುಷಿಯಾಯಿತು.

ಗರುಡನ 11ನೇ ಲೆವೆಲ್ ಇನ್ನೂ ಖಾಲಿ ಬಿದ್ದಿದೆ. ಮೂರು ಸಲ ಬರೆದು ಹರಿದುಹಾಕಿದ್ದೇನೆ. ಹೋದ ವಾರ ತಂಗಿ ಒಂದು ಪ್ರಶ್ನೆ ಕೇಳಿದಳು. ಗರುಡನ ಹೊಣೆ ಒಬ್ಬ ಮನುಷ್ಯನೇ ಆಗಿರಬೇಕಾ, ಒಂದು ಊರು ಆಗಬಹುದಾ ಅಂತ. ಊರು ಬಿದ್ದರೆ ಆ 10 ಅಡಿ ಎಲ್ಲಿಂದ ಅಳೆಯುವುದು ಅಂತ ನಾನಿನ್ನೂ ಯೋಚಿಸುತ್ತಿದ್ದೇನೆ. ಭಾನುವಾರ ಆಡಿ ನೋಡುತ್ತೇವೆ.