ಕಾಮಾಲೆ ಕಂಡಾಗ: ಯಾವ ಹೆಪಟೈಟಿಸ್, ಯಾವ ದಾರಿಯಲ್ಲಿ ಬಂತು ಎಂದು ತಿಳಿಯುವ ಬಗೆ

ಕಣ್ಣಿನ ಬಿಳಿಭಾಗ ಹಳದಿಗೆ ತಿರುಗಿ, ಮೂತ್ರಕ್ಕೆ ಕಡು ಚಹಾದ ಬಣ್ಣ ಬಂದೊಡನೆ ನಮ್ಮ ಮನೆಗಳಲ್ಲಿ ಎಣ್ಣೆ, ಉಪ್ಪು ಬಿಡಿಸಿ ನಾಟಿ ಔಷಧಿಯ ವಿಳಾಸ ಹುಡುಕತೊಡಗುತ್ತಾರೆ. ಅದಕ್ಕೂ ಮೊದಲು ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಕಾಮಾಲೆಗೆ ಕಾರಣ ವೈರಸ್ಸೇ, ಹೌದಾದರೆ ಹೆಪಟೈಟಿಸ್ (ಯಕೃತ್ತಿನ ಉರಿಯೂತ) ತರುವ ಎ, ಬಿ, ಸಿ, ಡಿ, ಇ ಎಂಬ ಐದು ವೈರಸ್‌ಗಳಲ್ಲಿ ಯಾವುದು? ಮೈ ಹಳದಿಯಾಗಿಸುವ ಬಿಲಿರುಬಿನ್ ಎಂಬ ವಸ್ತು ರಕ್ತದಲ್ಲಿರುವ ಪ್ರಮಾಣವೊಂದರಿಂದಲೇ ಇದು ತಿಳಿಯುವುದಿಲ್ಲ. ಎ ಮತ್ತು ಇ ಸೋಂಕುಗಳಿಗೆ ಆಯಾ ವೈರಸ್ಸಿನ ವಿರುದ್ಧ ದೇಹ ಹೊಸದಾಗಿ ತಯಾರಿಸುವ ಐಜಿಎಂ ಪ್ರತಿಕಾಯ, ಬಿ ಸೋಂಕಿಗೆ ವೈರಸ್ಸಿನ ಹೊರಕವಚದ ಅಂಶವಾದ ಎಚ್‌ಬಿಎಸ್‌ಎಜಿ, ಸಿ ಸೋಂಕಿಗೆ ಅದರ ಪ್ರತಿಕಾಯವನ್ನು ಹುಡುಕುವ ಆಂಟಿ ಎಚ್‌ಸಿವಿ ಪರೀಕ್ಷೆ ಮಾಡಿಸಬೇಕು. ಈ ಕೊನೆಯದು ಪಾಸಿಟಿವ್ ಬಂದರೆ ವೈರಸ್ ಈಗಲೂ ರಕ್ತದಲ್ಲಿದೆಯೇ ಎಂಬುದನ್ನು ವೈರಸ್ಸಿನ ವಂಶವಾಹಿಯನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.

ಎ ಮತ್ತು ಇ ರೋಗಿಯ ಮಲದಿಂದ ಹೊರಬಿದ್ದು, ನೀರು ಅಥವಾ ಆಹಾರದ ಮೂಲಕ ಇನ್ನೊಬ್ಬರ ಬಾಯಿ ಸೇರುತ್ತವೆ. 1955ರ ಕೊನೆಯಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಬೆರೆತು ಸುಮಾರು 29,000 ಜನರಿಗೆ ಕಾಮಾಲೆಯಾಯಿತು; ಅದು ಇ ವೈರಸ್ಸಿನ ಕೆಲಸವೆಂಬುದು ಗೊತ್ತಾದದ್ದು ದಶಕಗಳ ಬಳಿಕ. ಎರಡು ಮೂರು ದಿನಕ್ಕೊಮ್ಮೆ ನಲ್ಲಿ ಬಿಡುವ ಊರುಗಳಲ್ಲಿ ಇಂದಿಗೂ ಇದೇ ಅಪಾಯವಿದೆ. ನೀರು ನಿಂತಾಗ ಕೊಳವೆಯೊಳಗೆ ಒತ್ತಡ ಇಳಿದು, ಪಕ್ಕದ ಚರಂಡಿಯ ಕೊಳೆ ಸಣ್ಣ ಬಿರುಕಿನಿಂದಲೂ ಒಳಗೆ ಜಿನುಗುತ್ತದೆ. ಆದ್ದರಿಂದ ನಲ್ಲಿ ಬಂದಾಗ ಮೊದಲ ಕೆಲವು ಬಿಂದಿಗೆ ನೀರನ್ನು ಕುಡಿಯಲು ಹಿಡಿಯಬೇಡಿ; ಆಮೇಲೆ ಹಿಡಿದದ್ದನ್ನೂ ಕೊತಕೊತ ಕುದಿಸಿಯೇ ಕುಡಿಯಿರಿ. ಕಬ್ಬಿನ ಹಾಲಿಗೆ ಹಾಕುವ ಐಸ್, ಮಾರುವವರ ಕೈ ಮುಳುಗುವ ಪಾನಿಪೂರಿಯ ಪಾನಿ, ಬರೀ ನೀರಿನಲ್ಲಿ ಅದ್ದಿ ತೆಗೆದ ಕೊತ್ತಂಬರಿ ಸೊಪ್ಪು, ಇವೆಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಎ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು 15ರಿಂದ 50 ದಿನ ಬೇಕಾಗುವುದರಿಂದ, ನಿನ್ನೆ ಉಂಡ ಮದುವೆ ಊಟವನ್ನು ದೂರಿ ಪ್ರಯೋಜನವಿಲ್ಲ. ಕಳೆದ ತಿಂಗಳನ್ನು ನೆನಪಿಸಿಕೊಳ್ಳಬೇಕು.

ಇವೆರಡೂ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ಮುಂಗೈಗೆ ಬರೆ ಹಾಕಿಸಿಕೊಂಡು ಗುಣವಾದೆವು ಎನ್ನುವವರ ಮಾತಿನ ಗುಟ್ಟು ಇಷ್ಟೇ: ಹೇಗೂ ಇಳಿಯಲಿದ್ದ ಕಾಮಾಲೆಯ ಕೀರ್ತಿ ಬರೆಗೆ ಸಲ್ಲುತ್ತದೆ.

ಬಿ ಮತ್ತು ಸಿ ವಿಷಯ ಬೇರೆ. ಅವು ರಕ್ತದ ಮೂಲಕ ಹರಡುತ್ತವೆ. ಬಿ ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೂ ಸುಲಭವಾಗಿ ದಾಟುತ್ತದೆ. ಹೆರಿಗೆಯಲ್ಲಿ ಸೋಂಕು ತಗುಲಿದ ಹತ್ತು ಶಿಶುಗಳಲ್ಲಿ ಸುಮಾರು ಒಂಬತ್ತಕ್ಕೆ ಅದು ದೀರ್ಘಕಾಲ ಉಳಿಯುತ್ತದೆ, ಮುಂದೆ ಯಕೃತ್ತು ಗಡುಸಾಗಲು ಅಥವಾ ಕ್ಯಾನ್ಸರ್ ಬರಲು ಕಾರಣವಾಗಬಹುದು. ಹಾಗಾಗಿಯೇ ಮಗು ಹುಟ್ಟಿದ 24 ಗಂಟೆಯೊಳಗೆ ಬಿ ಲಸಿಕೆಯ ಮೊದಲ ಡೋಸ್ ಬಿದ್ದಿದೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ. ಡಿ ವೈರಸ್ ಬಿ ಇರುವವರಿಗೆ ಮಾತ್ರ ಅಂಟುವುದರಿಂದ ಈ ಲಸಿಕೆಯೇ ಅದನ್ನೂ ತಡೆಯುತ್ತದೆ. ಸಿ ವೈರಸ್ಸಿಗೆ ಲಸಿಕೆಯಿಲ್ಲ, ಆದರೆ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ 95 ಪ್ರತಿಶತಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ನಿಗದಿತ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಮಾತ್ರೆ ಉಚಿತ.

ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲಿಯೂ, ಕನಿಷ್ಠ ಏಳು ದಿನ ಬದುಕಬಲ್ಲದು. ಕ್ಷೌರದಂಗಡಿಯಲ್ಲಿ ನಿಮ್ಮ ಕಣ್ಣೆದುರೇ ಹೊಸ ಬ್ಲೇಡಿನ ಕಾಗದ ಬಿಚ್ಚಲಿ. ಜಾತ್ರೆಯಲ್ಲಿ ಹಚ್ಚೆ ಹಾಕುವವರು ಸೂಜಿ ಬದಲಿಸಿದರೂ ಶಾಯಿಯ ಬಟ್ಟಲು ಹಿಂದಿನವರದ್ದೇ ಆಗಿದ್ದರೆ ಎದ್ದು ಬನ್ನಿ. ಮನೆಯಲ್ಲಿ ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಪ್ರತ್ಯೇಕವಿರಲಿ. ತಟ್ಟೆ, ಲೋಟ ಬೇರೆ ಇಡುವ ಅಗತ್ಯವಿಲ್ಲ. ಜೊತೆಗೆ ಕೂತು ಉಣ್ಣುವುದರಿಂದ ಬಿ, ಸಿ ಹರಡುವುದಿಲ್ಲ. ಸೊಸೆಗೆ ಬಿ ಇದೆಯೆಂದು ಪಾತ್ರೆ ಬೇರೆ ಮಾಡುವ ಮನೆಗಳು ಅದಕ್ಕೆ ಬದಲಾಗಿ ಗಂಡ, ಮಕ್ಕಳ ರಕ್ತ ಪರೀಕ್ಷಿಸಿ, ಸೋಂಕಿಲ್ಲದವರಿಗೆ ಮೂರು ಡೋಸ್ ಲಸಿಕೆ ಕೊಡಿಸಲಿ.

ಯಾವ ವೈರಸ್ಸೇ ಆಗಿರಲಿ, ಮದ್ಯ ಪೂರ್ತಿ ಬಿಡಬೇಕು. ಪ್ಯಾರಾಸಿಟಮಾಲ್ ಸೇರಿದಂತೆ ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನುಂಗಬಾರದು. ರೋಗಿ ಮಂಪರಿಗೆ ಜಾರಿದರೆ, ಮಾತು ತಡವರಿಸಿದರೆ, ಒಸಡು ಅಥವಾ ಮೂಗಿನಿಂದ ರಕ್ತ ಬಂದರೆ ತಕ್ಷಣ ಆಸ್ಪತ್ರೆಗೆ ಸೇರಿಸಿ. ಗರ್ಭಿಣಿಯ ಕಣ್ಣು ಹಳದಿಯಾದರೆ ಇವ್ಯಾವುದಕ್ಕೂ ಕಾಯದೆ ಅಂದೇ ಹೊರಡಿ, ಏಕೆಂದರೆ ಕೊನೆಯ ಮೂರು ತಿಂಗಳಲ್ಲಿ ಇ ಸೋಂಕು ಜೀವಕ್ಕೇ ಎರವಾಗಬಹುದು.