ಹಸಿರು ಹಾಳೆ, ಬಿಳಿ ಹಾಳೆ: ಎಂಪಿಗೆ ಪ್ರಶ್ನೆ ಬರೆದುಕೊಟ್ಟ ಅನುಭವ

ಲೋಕಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಸಂಸದರ ಹತ್ತಿರ ನಾನು ಕೆಲವು ವರ್ಷ ಕೆಲಸ ಮಾಡಿದೆ. ರೈಲ್ವೆ ಕೋಟಾ ಪತ್ರ, ಆಸ್ಪತ್ರೆಗೆ ಶಿಫಾರಸು, ಊರಿನಿಂದ ಬಂದವರ ಊಟ, ವಸತಿ, ಇದನ್ನೆಲ್ಲ ಬೇರೆಯವರು ನೋಡಿಕೊಳ್ಳುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಸಾಹೇಬರು ಸದನದಲ್ಲಿ ಮಂತ್ರಿಗಳಿಗೆ ಕೇಳುವ ಪ್ರಶ್ನೆ ಬರೆಯುವ ಕೆಲಸ. ಸಾಹೇಬರದ್ದು ಯಾವ ಪಕ್ಷ ಅಂತ ಹೇಳುವುದಿಲ್ಲ. ಪ್ರಶ್ನೆ ಬರೆಯುವ ರೀತಿಗೆ ಅದು ಬೇಕಾಗಿಯೂ ಇಲ್ಲ.

ಹಿಂದಿನ ಸಾಲಿನವರಿಗೆ ಚರ್ಚೆಯಲ್ಲಿ ಮಾತಾಡಲು ಸಮಯ ಸಿಗುವುದೇ ಕಷ್ಟ. ಪಕ್ಷಕ್ಕೆ ಇಷ್ಟು ಹೊತ್ತು ಅಂತ ಹಂಚುತ್ತಾರೆ. ದೊಡ್ಡವರ ಮಾತು ಮುಗಿಯುವಷ್ಟರಲ್ಲಿ ಅದು ಖರ್ಚಾಗಿರುತ್ತದೆ. ಪ್ರಶ್ನೆಗೆ ಈ ಕಷ್ಟ ಇಲ್ಲ. ಇಂಥ ಪ್ರಶ್ನೆ ಕೇಳುತ್ತೇನೆ ಅಂತ ಮೊದಲೇ ಬರೆದು ನೋಟಿಸ್ ಕೊಟ್ಟ ಎಲ್ಲರ ಹೆಸರೂ ಲಾಟರಿಗೆ ಹೋಗುತ್ತದೆ. ಮೊದಲ ಸಲ ಗೆದ್ದವರು, ಮಾಜಿ ಮಂತ್ರಿಗಳು, ಎಲ್ಲರೂ ಅಲ್ಲಿ ಒಂದೇ. ಪಕ್ಷದ ಮುಖಂಡರ ಮುಂದೆ ನಿಂತು ಕೇಳಿಕೊಳ್ಳಬೇಕಾಗಿಲ್ಲ.

ಸಾಹೇಬರು ಆಗಾಗ ಫಿರೋಜ್ ಗಾಂಧಿಯವರ ಕಥೆ ಹೇಳುತ್ತಿದ್ದರು. 1957ರಲ್ಲಿ ಎಲ್‌ಐಸಿ ಹಣ ಹರಿದಾಸ್ ಮುಂದ್ರಾ ಅನ್ನುವ ಉದ್ಯಮಿಯ ಕಂಪನಿಗಳ ಷೇರಿಗೆ ಹೋದದ್ದನ್ನು ಸದನದಲ್ಲಿ ಕೆದಕಿದವರು ಅವರು. ಅವರೇನೂ ವಿರೋಧ ಪಕ್ಷದವರಲ್ಲ, ಆಡಳಿತ ಪಕ್ಷದವರೇ. ಮಂತ್ರಿಯೂ ಅಲ್ಲ. ಮುಂದೆ ತನಿಖೆಗೆ ಚಾಗ್ಲಾ ಆಯೋಗ ಕೂತಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಇದಕ್ಕೆ ತಿರುಗುಮುರುಗಾದ ಕಥೆಯೂ ಇದೆ. ದುಡ್ಡು ತೆಗೆದುಕೊಂಡು ಪ್ರಶ್ನೆ ಕೇಳಲು ಒಪ್ಪಿದ ಹಗರಣದಲ್ಲಿ 2005ರ ಡಿಸೆಂಬರಿನಲ್ಲಿ 11 ಮಂದಿ ಸಂಸದರನ್ನು ಹೊರಹಾಕಿದರು. ಪ್ರಶ್ನೆಗೆ ಬೆಲೆ ಇದೆ ಅನ್ನುವುದಕ್ಕೆ ಅದೂ ಒಂದು ಸಾಕ್ಷಿ, ಅಲ್ವಾ!

ನಿಯಮಗಳನ್ನು ಬೇಗ ಹೇಳಿಬಿಡುತ್ತೇನೆ. ಒಂದು ದಿನಕ್ಕೆ ಒಬ್ಬ ಸದಸ್ಯರು ಐದು ನೋಟಿಸ್ ಕೊಡಬಹುದು. ಕನಿಷ್ಠ 15 ದಿನ ಮುಂಚೆ ಕೊಡಬೇಕು. ಸಚಿವಾಲಯಗಳನ್ನು ಐದು ಗುಂಪು ಮಾಡಿ, ಗುಂಪಿಗೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿರುತ್ತಾರೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಬಾಯಲ್ಲಿ ಉತ್ತರಿಸಬೇಕು. ಅಂಥವು ದಿನಕ್ಕೆ 20. ಆ ಪಟ್ಟಿ ಹಸಿರು ಹಾಳೆಯಲ್ಲಿ ಅಚ್ಚಾಗುತ್ತದೆ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಅವು 230ರವರೆಗೆ, ಬಿಳಿ ಹಾಳೆಯಲ್ಲಿ.

ಹೊಸಬರಿಗೆಲ್ಲ ಹಸಿರು ಹಾಳೆಯ ಮೇಲೆ ಕಣ್ಣು. ಟಿವಿಯಲ್ಲಿ ಬರುತ್ತದೆ, ಊರಿನವರು ವಿಡಿಯೊ ಹಂಚುತ್ತಾರೆ. ನನ್ನನ್ನು ಕೇಳಿದರೆ ಕೆಲಸ ಆಗುವುದು ಬಿಳಿ ಹಾಳೆಯಲ್ಲಿ. ಹಸಿರು ಹಾಳೆಯ 20ರಲ್ಲಿ ಸಾಮಾನ್ಯವಾಗಿ ನಾಲ್ಕೈದು ಪ್ರಶ್ನೆಗೆ ಪ್ರಶ್ನೋತ್ತರಕ್ಕೆ ಇಟ್ಟ ಒಂದು ಗಂಟೆ ಮುಗಿದುಹೋಗುತ್ತದೆ. 2019ರ ನವೆಂಬರ್ 27ರಂದು 20 ಪ್ರಶ್ನೆಗಳೂ ಮುಗಿದವು. 1972ರ ನಂತರ ಹಾಗಾದದ್ದು ಅದೇ ಮೊದಲು ಅಂತ ದೊಡ್ಡ ಸುದ್ದಿಯಾಯಿತು. ಇನ್ನು ಗಲಾಟೆಯಾಗಿ 11 ಗಂಟೆಗೆ ಕೂತ ಸದನ ಐದೇ ನಿಮಿಷಕ್ಕೆ ಎದ್ದುಹೋದರೆ, ಲಾಟರಿ ಹೊಡೆದವರಿಗೂ ಸಿಗುವುದು ಬರೀ ಲಿಖಿತ ಉತ್ತರ. ಆ ದಿನಗಳಲ್ಲಿ ಸಾಹೇಬರ ಮುಖ ನೋಡಲಾಗುತ್ತಿರಲಿಲ್ಲ.

ಈಗ ಬರೆಯುವ ವಿಷಯಕ್ಕೆ ಬರೋಣ. ನಮ್ಮದು ಅಡಿಕೆ ಸೀಮೆ. ಬೆಳೆಗಾರರು ಬಂದು ಕೂತರೆ ಒಂದೇ ಮಾತು: "ಹೊರಗಿನ ಅಡಿಕೆ ಬಂದು ನಮ್ಮ ರೇಟು ಬಿತ್ತು. ಸರ್ಕಾರ ಯಾಕೆ ಸುಮ್ನೆ ಕೂತಿದೆ ಅಂತ ಕೇಳಿ ಸಾರ್." ಅವರ ಸಂಕಟ ನಿಜ. ಆದರೆ ಆ ಪ್ರಶ್ನೆಯನ್ನು ಹಾಗೇ ಕಳಿಸಿದರೆ ನೋಟಿಸ್ ಪರಿಶೀಲಿಸುವ ಲೋಕಸಭೆಯ ಕಚೇರಿಯಲ್ಲೇ ಬಿದ್ದುಹೋಗುತ್ತದೆ. ಪ್ರಶ್ನೆಯಲ್ಲಿ ವಾದ ಇರಬಾರದು, ವ್ಯಂಗ್ಯ ಇರಬಾರದು, ಆರೋಪ ಇರಬಾರದು, ಅಭಿಪ್ರಾಯ ಕೇಳಬಾರದು ಅಂತ ನಿಯಮ ಇದೆ. ಒಂದು ವೇಳೆ ಒಪ್ಪಿದರೂ ಬರುವ ಉತ್ತರ ಗೊತ್ತೇ ಇದೆ: ಸರ್ಕಾರ ಸೂಕ್ತ ಕ್ರಮ ಕೈಗೊಂಡಿದೆ.

ಹಾಗಾಗಿ ನಮ್ಮ ಕಚೇರಿಯಲ್ಲಿ "ಯಾಕೆ" ಅನ್ನುವುದನ್ನು ಮೊದಲು ತೆಗೆದುಹಾಕುತ್ತಿದ್ದೆವು. ಎಷ್ಟು, ಯಾವಾಗ, ಎಲ್ಲಿಂದ, ಯಾರ ಆದೇಶದ ಮೇಲೆ, ಇಷ್ಟೇ. "ಯಾಕೆ"ಗೆ ಅಧಿಕಾರಿ ಒಂದು ಪ್ಯಾರಾ ಬರೆದು ಪಾರಾಗುತ್ತಾರೆ. "ಎಷ್ಟು" ಅಂದರೆ ಅಂಕಿ ಕೊಡಬೇಕು, ಇಲ್ಲವೇ ಅಂಕಿ ಇಲ್ಲ ಅಂತ ಬರೆದುಕೊಡಬೇಕು. ಎರಡೂ ನಮಗೆ ಉಪಯೋಗವೇ.

ಆಮೇಲೆ ಯಾವ ಸಚಿವಾಲಯ ಅನ್ನುವುದು. ಅಡಿಕೆ ಅಂದಕೂಡಲೇ ಎಲ್ಲರೂ ಕೃಷಿ ಸಚಿವಾಲಯದ ಕಡೆ ನೋಡುತ್ತಾರೆ. ಅಲ್ಲಿ ಕೇಳಬೇಕಾದ್ದು ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೂ ಅದರ ವಿಟ್ಲದ ಕೇಂದ್ರಕ್ಕೂ ಕೊಟ್ಟ ಹಣ. ಆಮದು ನೀತಿ ವಾಣಿಜ್ಯ ಸಚಿವಾಲಯದ್ದು. ಕಳ್ಳಸಾಗಣೆ, ಜಪ್ತಿ ಹಣಕಾಸು ಸಚಿವಾಲಯದ್ದು, ಯಾಕಂದರೆ ಕಸ್ಟಮ್ಸ್ ಅವರ ಕೈಯಲ್ಲಿದೆ. ಅಡಿಕೆ ಆರೋಗ್ಯಕ್ಕೆ ಕೆಟ್ಟದ್ದೋ ಅನ್ನುವುದು ಆರೋಗ್ಯ ಸಚಿವಾಲಯದ್ದು. ತಪ್ಪು ಬಾಗಿಲು ತಟ್ಟಿದರೆ "ಇದು ನಮಗೆ ಸಂಬಂಧಿಸಿಲ್ಲ" ಅಂತ ಆಚೆ ದಾಟಿಸುತ್ತಾರೆ. ಅಷ್ಟರಲ್ಲಿ ಅಧಿವೇಶನವೇ ಮುಗಿದಿರುತ್ತದೆ. ಅದಕ್ಕೇ ಒಂದೇ ವಿಷಯವನ್ನು ತುಂಡು ಮಾಡಿ, ಬೇರೆ ಬೇರೆ ದಿನಗಳಿಗೆ ಬೇರೆ ಬೇರೆ ಮಂತ್ರಿಗಳಿಗೆ ಕಳಿಸುತ್ತಿದ್ದೆ. ಉತ್ತರಗಳೆಲ್ಲ ಬಂದ ಮೇಲೆ ಪಕ್ಕಪಕ್ಕ ಇಟ್ಟು ಓದಿದರೆ ಒಬ್ಬರ ಅಂಕಿ ಇನ್ನೊಬ್ಬರದ್ದಕ್ಕೆ ಎಲ್ಲಿ ಹೊಂದುವುದಿಲ್ಲ ಅಂತ ಕಾಣುತ್ತದೆ. ಮುಂದಿನ ಪ್ರಶ್ನೆ ಅಲ್ಲಿಂದಲೇ.

ಒಂದು ಉದಾಹರಣೆ ಹೇಳುತ್ತೇನೆ. 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಅದಕ್ಕಿಂತ ಅಗ್ಗದ ಅಡಿಕೆ ಒಳಗೆ ಬರುವಂತಿಲ್ಲ. ಆದರೆ ವಿನಾಯಿತಿಗಳಿವೆ. ರಫ್ತಿಗಾಗಿಯೇ ಇರುವ ಘಟಕಗಳಿಗೆ, ವಿಶೇಷ ಆರ್ಥಿಕ ವಲಯದವರಿಗೆ ಈ ಬೆಲೆ ಅನ್ವಯಿಸುವುದಿಲ್ಲ. ಭೂತಾನ್‌ನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ 2022ರಲ್ಲೇ ಈ ಷರತ್ತಿಲ್ಲದೆ ಅನುಮತಿ ಕೊಟ್ಟಿದ್ದರು. ದೇಶವಾರು ಆಮದಿನ ಪ್ರಮಾಣ, ಮೌಲ್ಯ ಎರಡೂ ವಾಣಿಜ್ಯ ಸಚಿವಾಲಯದ ವೆಬ್‌ಸೈಟಿನಲ್ಲೇ ಸಿಗುತ್ತವೆ. ಅದನ್ನು ಕೇಳಿ ಒಂದು ಪ್ರಶ್ನೆ ಹಾಳು ಮಾಡಬಾರದು. ಸುಲಭವಾಗಿ ಸಿಗುವ ಮಾಹಿತಿ ಕೇಳಿದರೆ ತಿರಸ್ಕರಿಸಲೂ ನಿಯಮ ಇದೆ. ಮೌಲ್ಯವನ್ನು ಪ್ರಮಾಣದಿಂದ ನಾವೇ ಭಾಗಿಸಬೇಕು. ಯಾವ ದೇಶದ ಸರಾಸರಿ 351ಕ್ಕಿಂತ ಕಮ್ಮಿ ಬರುತ್ತದೋ ಅಲ್ಲಿ ಬೆರಳಿಡಬೇಕು. ಆಗ ಪ್ರಶ್ನೆ ಹೀಗಾಗುತ್ತದೆ: ಕನಿಷ್ಠ ಬೆಲೆಯ ವಿನಾಯಿತಿಯಲ್ಲಿ ಬಂದ ಅಡಿಕೆ ಎಷ್ಟು, ಯಾವ ವಿನಾಯಿತಿಯಲ್ಲಿ, ಯಾವ ಬಂದರಿನಿಂದ, ಅದರಲ್ಲಿ ಎಷ್ಟು ಮತ್ತೆ ರಫ್ತಾಯಿತು, ರಫ್ತಾಗದೆ ಉಳಿದದ್ದರ ಮೇಲೆ ಏನು ಕ್ರಮ. ಸರ್ಕಾರವನ್ನು ಬೈದಿದ್ದಕ್ಕಿಂತ ಇಂಥ ಪ್ರಶ್ನೆಯೇ ಜಾಸ್ತಿ ಚುರುಕು ಮುಟ್ಟಿಸುತ್ತದೆ.

ಪ್ರಶ್ನೆ 150 ಪದ ಮೀರಬಾರದು. ಅದನ್ನು ಎ, ಬಿ, ಸಿ ಅಂತ ಭಾಗ ಮಾಡುತ್ತೇವೆ. ಸಚಿವಾಲಯಗಳು ಎಷ್ಟೋ ಸಲ "ಎ ಯಿಂದ ಡಿ" ಅಂತ ಒಟ್ಟುಗೂಡಿಸಿ ಒಂದೇ ಉತ್ತರ ಕೊಡುತ್ತವೆ. ಒಂದು ಸಚಿವಾಲಯದಿಂದ ನಮಗೆ ಉದ್ದನೆಯ ಉತ್ತರ ಬಂದಿತ್ತು. ಯೋಜನೆಗಳ ಹೆಸರೆಲ್ಲ ಇತ್ತು, ಕೇಳಿದ ಅಂಕಿ ಮಾತ್ರ ಇರಲಿಲ್ಲ. ಸಾಹೇಬರು ಓದಿ, "ಏನಪ್ಪಾ ಇದು, ಮದುವೆ ಮನೆಗೆ ಕರೆದು ಬರೀ ಎಲೆ ಹಾಕಿದ ಹಾಗಿದೆ" ಅಂದರು. ಮುಂದಿನ ಅಧಿವೇಶನಕ್ಕೆ ಆ ಒಂದು ಭಾಗವನ್ನಷ್ಟೇ ಬಿಡಿಸಿ ಕೇಳಿದೆವು. ಜತೆಗೆ ಯಾವುದನ್ನಾದರೂ ಸೇರಿಸಿದರೆ ಅದರ ಹಿಂದೆ ಅವಿತುಕೊಳ್ಳುತ್ತಾರೆ.

"ಈ ಮಾಹಿತಿಯನ್ನು ಕೇಂದ್ರದ ಮಟ್ಟದಲ್ಲಿ ಇಟ್ಟಿಲ್ಲ" ಅನ್ನುವುದು ಇನ್ನೊಂದು ಹಳೇ ದಾರಿ. ಆಗ ರಾಜ್ಯಗಳು ಆ ಯೋಜನೆಯಲ್ಲಿ ಯಾವ ವರದಿ ಕಳಿಸಬೇಕು, ಎಷ್ಟು ರಾಜ್ಯ ಕಳಿಸಿವೆ ಅಂತ ಕೇಳುತ್ತೇವೆ. "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು" ಅಂದರೆ ಮಾತ್ರ ನನಗೆ ಖುಷಿ. ಅದು ಭರವಸೆ ಅಂತ ಲೆಕ್ಕ. ಮೂರು ತಿಂಗಳಲ್ಲಿ ಈಡೇರಿಸಬೇಕು. ಲೋಕಸಭೆಯ ಭರವಸೆಗಳ ಸಮಿತಿ ಅದರ ಬೆನ್ನು ಹತ್ತುತ್ತದೆ. ಇವುಗಳಿಗೆಂದೇ ಬೇರೆ ನೋಟ್‌ಬುಕ್ ಇಟ್ಟಿದ್ದೆ.

ಹಸಿರು ಹಾಳೆಯಲ್ಲಿ ಮೇಲಿನ ನಂಬರ್ ಬಂದ ದಿನ ಮಾತ್ರ ಕಚೇರಿಯ ರಂಗೇ ಬೇರೆ. ಮುಖ್ಯ ಪ್ರಶ್ನೆಯನ್ನು ಸದನದಲ್ಲಿ ಓದುವುದಿಲ್ಲ. ನಂಬರ್ ಹೇಳಿದರೆ ಸಾಕು. ಮಂತ್ರಿ "ಉತ್ತರ ಸದನದ ಮುಂದಿಟ್ಟಿದ್ದೇನೆ" ಅನ್ನುತ್ತಾರೆ. ನಿಜವಾದ ಆಟ ಆಮೇಲೆ ಎದ್ದು ಕೇಳಬಹುದಾದ ಎರಡು ಉಪಪ್ರಶ್ನೆಗಳಲ್ಲಿ. ಮುದ್ರಿತ ಉತ್ತರ ಸದನಕ್ಕೆ ಮುಂಚೆ ಕೈಗೆ ಬರುತ್ತದೆ. ಮೊದಲೇ ಬರೆದಿಟ್ಟ ಉಪಪ್ರಶ್ನೆಗಳನ್ನು ಆಗ ಅರ್ಧದಷ್ಟು ಹೊಡೆದು ಹಾಕಬೇಕಾಗುತ್ತದೆ. ಉತ್ತರದಲ್ಲೇ ಇರುವ ಒಂದು ವಾಕ್ಯ ಹಿಡಿದು ಕೇಳಿದರೆ ಮಂತ್ರಿ ಜಾರುವುದು ಕಷ್ಟ. ಆದರೂ ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಓಡಾಡುತ್ತದೆ.

ಸಾಹೇಬರು ಉಪಪ್ರಶ್ನೆ ಕನ್ನಡದಲ್ಲೇ ಕೇಳುತ್ತಿದ್ದರು. ಅನುವಾದ ಇಯರ್‌ಫೋನಿನಲ್ಲಿ ಹೋಗುತ್ತದೆ, ಹಾಗಾಗಿ ಅಂಕಿಗಳನ್ನು ನಿಧಾನವಾಗಿ ಹೇಳಬೇಕು. ನಾನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಮೂರೇ ಸಾಲು ಬರೆದುಕೊಡುತ್ತಿದ್ದೆ. ನಾಲ್ಕನೇ ಸಾಲಿದ್ದರೆ ಅದು ಭಾಷಣವಾಗುತ್ತದೆ. ಸ್ಪೀಕರ್ "ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ" ಅನ್ನುವಷ್ಟರಲ್ಲಿ ಮೈಕು ಮುಂದಿನವರಿಗೆ ಹೋಗಿರುತ್ತದೆ.

ಉತ್ತರ ಬಂದ ಮೇಲೆ ಸುಮ್ಮನಿರುವವರೇ ಜಾಸ್ತಿ. ನಾವು ಪ್ರಶ್ನೆಯ ನಂಬರು, ತಾರೀಕು ಹಾಕಿ ಅದೇ ಮಂತ್ರಿಗೆ ಪತ್ರ ಬರೆಯುತ್ತಿದ್ದೆವು. ಬೆಳೆಗಾರರ ಸೊಸೈಟಿಗಳಿಗೆ ಕನ್ನಡದಲ್ಲಿ ಅರ್ಧ ಪುಟದ ಸಾರಾಂಶ ವಾಟ್ಸಾಪ್ ಮಾಡುತ್ತಿದ್ದೆವು. ಸದನದಲ್ಲಿ ಕೊಟ್ಟ ಅಂಕಿಯನ್ನು ಆಮೇಲೆ ಯಾವ ಅಧಿಕಾರಿಯೂ ಸುಲಭವಾಗಿ ಅಲ್ಲಗಳೆಯುವುದಿಲ್ಲ.

ನಿಮ್ಮ ಎಂಪಿ ಕಚೇರಿಗೆ ನೀವೇ ಪ್ರಶ್ನೆ ಕಳಿಸುವುದಿದ್ದರೆ ಹತ್ತು ಪುಟದ ಮನವಿ ಬೇಡ. ಒಂದೇ ಹಾಳೆಯಲ್ಲಿ ಸಚಿವಾಲಯದ ಹೆಸರು, ನಿಮ್ಮ ಹತ್ತಿರ ಇರುವ ಅಂಕಿ, ಬೇಕಾದ ಅಂಕಿ ಬರೆಯಿರಿ. ಅದೇ ವಿಷಯಕ್ಕೆ ಹಿಂದೆ ಬಂದ ಉತ್ತರ ಸಂಸತ್ತಿನ ವೆಬ್‌ಸೈಟಿನಲ್ಲಿ ಇದ್ದರೆ ಅದರ ನಂಬರನ್ನೂ ಹಾಕಿ. ಅಧಿವೇಶನದ ದಿನಾಂಕ ಪ್ರಕಟವಾದ ವಾರದಲ್ಲೇ ಕಳಿಸಿ. ಅಧಿವೇಶನ ಶುರುವಾದ ಮೇಲೆ ಬಂದ ಹಾಳೆಗಳು ನನ್ನ ಮೇಜಿನ ಮೇಲೆ ಮುಂದಿನ ಅಧಿವೇಶನದವರೆಗೆ ಹಾಗೇ ಕೂತಿರುತ್ತಿದ್ದವು.